ನಾಲ್ಕನೇ ಸ್ಕ್ರೂ

ಡಬ್ಬಿಯೊಳಗೆ ಡಿಸ್ಕ್ ಇರಲಿಲ್ಲ.

ಇದ್ದದ್ದು ಎರಡು ಕಬ್ಬಿಣದ ನಟ್ಟುಗಳು. ಹೆಬ್ಬೆರಳಿನ ದಪ್ಪದವು, ಹಳದಿ ಗೋಂದಿನಲ್ಲಿ ಗಟ್ಟಿಯಾಗಿ ಕೂತಿದ್ದವು. ಅವುಗಳ ನಡುವೆ ಉಗುರಿನಗಲದ ಹಸಿರು ಹಲಗೆ, ಹಲಗೆಯ ಮೇಲೆ ಒಂದು ಬಡಪಾಯಿ ಮೆಮೊರಿ ಚಿಪ್. ಅಷ್ಟೇ.

ಡಿಸ್ಕಕ್ಕ ಕನ್ನಡಕವನ್ನು ಹಣೆಗೇರಿಸಿದಳು, ಮತ್ತೆ ಇಳಿಸಿದಳು. ಕನ್ನಡಕದ್ದೇನೂ ತಪ್ಪಿರಲಿಲ್ಲ.

ಮೇಜಿನ ಆಚೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ನರ್ಸಮ್ಮ ಕೂತಿದ್ದಳು. ಆಸ್ಪತ್ರೆಯವರು ಕೆಲಸದಿಂದ ದೂರವಿಟ್ಟು ಎಂಟು ವಾರವಾಗಿದ್ದರೂ ಎದೆಯ ಹತ್ತಿರ ಪಿನ್ನು ಹಾಕಿದ ಪುಟ್ಟ ಗಡಿಯಾರವನ್ನು ಅವಳು ಇನ್ನೂ ತೆಗೆದಿರಲಿಲ್ಲ. ಮಾತಿಗೊಮ್ಮೆ ಅದನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದಳು.

"ನೆಟ್ಟಗೆ ಹೇಳಿಬಿಡಿ ಅಕ್ಕಾ. ಕೆಟ್ಟುಹೋಗಿದೆಯಾ?"

"ಕೆಟ್ಟಿಲ್ಲ," ಎಂದಳು ಡಿಸ್ಕಕ್ಕ. "ಕೆಡೋದಕ್ಕೆ ಒಳಗೆ ಏನಾದ್ರೂ ಇರಬೇಕಲ್ಲ."

ಶನಿವಾರ, ಬೆಳಗಿನ ಹನ್ನೊಂದು ಗಂಟೆ. ಸೋಮವಾರ ಹತ್ತಕ್ಕೆ ನರ್ಸಮ್ಮನ ಮೇಲಿನ ವಿಚಾರಣೆ. ಅವಧಿ ಮುಗಿದ ಇಂಜೆಕ್ಷನ್ ಕೊಟ್ಟು ಒಬ್ಬ ಮುದುಕರ ಪ್ರಾಣ ತೆಗೆದಳು ಎಂಬ ಆರೋಪ. ತಾನು ಅಂದು ಎರಡು ಬಾಟಲಿ ಔಷಧಿಯನ್ನು ಅವಧಿ ಮುಗಿದಿದೆ ಎಂದು ಬರೆದು ವಾಪಸು ಕಳಿಸಿದ್ದೆ, ವಾರ್ಡಿನ ರಿಜಿಸ್ಟರಿನಲ್ಲಿ ಆ ಪುಟವನ್ನೇ ಯಾರೋ ಬದಲಾಯಿಸಿದ್ದಾರೆ ಎನ್ನುವುದು ಅವಳ ಮಾತು. ಅದಕ್ಕೆ ಸಾಕ್ಷಿ ಒಂದೇ ಒಂದು ಫೋಟೋ. ಆ ಫೋಟೋ ಈ ಡಬ್ಬಿಯೊಳಗಿತ್ತು.

ಇರಬೇಕಾಗಿತ್ತು.

ನರ್ಸಮ್ಮನಿಗೆ ಒಂದು ಅಭ್ಯಾಸ. ಒಂಬತ್ತು ವರ್ಷದಿಂದ, ಡ್ಯೂಟಿ ಮುಗಿದ ಕೂಡಲೇ ರಿಜಿಸ್ಟರಿನ ಅಂದಿನ ಪುಟವನ್ನೂ ಅದರ ಪಕ್ಕ ಅಂಟಿಸಿದ ಔಷಧಿ ಸರಬರಾಜಿನ ಚಲನ್ನನ್ನೂ ಫೋನಿನಲ್ಲಿ ಹೊಡೆದುಕೊಳ್ಳುವುದು. ಭಾನುವಾರ ಮನೆಯ ಕಂಪ್ಯೂಟರಿಗೆ ಸುರಿದು ಫೋನನ್ನು ಖಾಲಿ ಮಾಡುವುದು. ವಾರ್ಡಿನವರು ನಗುತ್ತಿದ್ದರು. ಇವಳೊಬ್ಬಳು ರಿಜಿಸ್ಟರಿಗೂ ಮದುವೆ ಆಲ್ಬಂ ಮಾಡಿಸುತ್ತಾಳೆ ಎನ್ನುತ್ತಿದ್ದರು. ಮನೆಯ ಕಂಪ್ಯೂಟರಿಗೆ ಏದುಸಿರು ಬರತೊಡಗಿದಾಗ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕೊಳ್ಳಲು ಅವಳು ಕಳೆದ ವರ್ಷ ಇದೇ ಅಂಗಡಿಗೆ ಬಂದಿದ್ದಳು.

ಮಾರುಕಟ್ಟೆ ಕಟ್ಟಡದ ಎರಡನೇ ಮಹಡಿಯಲ್ಲಿ, ಟೈಲರನಿಗೂ ಬೀಗದ ಕೈ ಮಾಡುವವನಿಗೂ ನಡುವೆ, ಆ ಅಂಗಡಿ. ಸತ್ತ ಡಿಸ್ಕುಗಳಿಂದ ಸತ್ಯ ಎತ್ತಿಕೊಡುವವಳೆಂದು ಅದರ ಒಡತಿಗೆ ಹೆಸರು. ಎರಡು ಕಳ್ಳತನ, ಒಂದು ನಕಲಿ ಉಯಿಲು ಅವಳ ಮೇಜಿನ ಮೇಲೇ ಬಾಯಿ ಬಿಟ್ಟಿದ್ದವು. ಹುಟ್ಟಿದಾಗ ಇಟ್ಟ ಹೆಸರೊಂದಿತ್ತು. ಅದು ಈಗ ಕರೆಂಟ್ ಬಿಲ್ಲಿನ ಮೇಲೆ ಬಿಟ್ಟರೆ ಬೇರೆಲ್ಲೂ ಇಲ್ಲವೆಂದೇ ಅವಳು ತಿಳಿದಿದ್ದಳು. ಮಿಕ್ಕಂತೆ ಎಲ್ಲರಿಗೂ ಅವಳು ಡಿಸ್ಕಕ್ಕ.

ಕಳೆದ ವರ್ಷ ಅವಳು ನರ್ಸಮ್ಮನನ್ನೂ ಎಲ್ಲರನ್ನು ಕೇಳುವ ಹಾಗೆಯೇ ಕೇಳಿದ್ದಳು. ಹೊತ್ತುಕೊಂಡು ತಿರುಗುತ್ತೀರೋ, ಮನೆಯಲ್ಲೇ ಇಡುತ್ತೀರೋ? ಮನೆಯಲ್ಲಿ ಬೆಕ್ಕಿದೆಯೋ, ಓಡಾಡುವ ಮಗುವಿದೆಯೋ? ದಿನಾ ತೆಗೆಯುತ್ತೀರೋ, ವಾರಕ್ಕೊಮ್ಮೆಯೋ? ಕೆಳಗೆ ಬಿದ್ದರೂ ಜಗ್ಗದ, ಒಳಗೆ ತಿರುಗುವ ಭಾಗವೇ ಇಲ್ಲದ ದುಬಾರಿ ಡಿಸ್ಕನ್ನು ತೋರಿಸಿ, ಇದು ನಿಮಗೆ ಬೇಡ ಎಂದೂ ಹೇಳಿದ್ದಳು. ಫೋಟೋ ತುಂಬಿ ಬೀರುವಿನಲ್ಲಿ ಇಡುವವರಿಗೆ ಸಾಧಾರಣದ್ದೇ ಸಾಕು. ಆದರೆ ಅಂಥದ್ದೇ ಎರಡು ತಗೊಳ್ಳಿ. ಒಂದೇ ಕಡೆ ಇರುವುದು ಇಲ್ಲದ ಹಾಗೆಯೇ. ಕೇಬಲ್ ಗಿಡ್ಡದ್ದಿರಲಿ, ಉದ್ದದ್ದು ಕಾಲಿಗೆ ಸಿಕ್ಕಿ ಡಿಸ್ಕನ್ನು ನೆಲಕ್ಕೆ ಎಳೆಯುತ್ತದೆ. ಒಳಗೆ ಮೆತ್ತೆಯಿರುವ ಚೀಲವೂ ಇರಲಿ.

ನರ್ಸಮ್ಮ ಒಂದು ತಗೊಂಡು, ಎರಡನೆಯದು ಮುಂದಿನ ತಿಂಗಳು ಎಂದು ಹೋಗಿದ್ದಳು. ಆ ಮುಂದಿನ ತಿಂಗಳು ಬರಲೇ ಇಲ್ಲ. ಕಂಪ್ಯೂಟರ್ ಮಾತ್ರ ಹೇಳಿದ ಮಾತಿಗೆ ತಪ್ಪದೆ ಸತ್ತು ಗುಜರಿ ಸೇರಿತು; ಅದರ ಜಾಗಕ್ಕೆ ಬಂದ ಹೊಸದರಲ್ಲಿ ಹಳೆಯ ಫೋಟೋಗಳಿರಲಿಲ್ಲ.

ಡಿಸ್ಕಕ್ಕ ಮೇಜಿನ ಕೆಳಗಿನಿಂದ ಉದ್ದನೆಯ ನೋಟ್‌ಬುಕ್ ತೆಗೆದಳು. ತನ್ನ ಕೈ ದಾಟಿ ಹೋಗುವ ಪ್ರತಿ ಡಿಸ್ಕನ್ನೂ ಅವಳು ಅಂಚೆ ಕಚೇರಿಯವರು ಹರಾಜು ಹಾಕಿದ್ದ ಪತ್ರ ತೂಗುವ ಮಾಪಕದ ಮೇಲಿಟ್ಟು ತೂಗುತ್ತಿದ್ದಳು. ಕಂಪ್ಯೂಟರಿಗೆ ಜೋಡಿಸಿ ಡಿಸ್ಕಿನ ಸ್ವಂತ ಸಂಖ್ಯೆಯನ್ನು ಓದಿ ಬರೆದುಕೊಳ್ಳುತ್ತಿದ್ದಳು. ಡಬ್ಬಿಯ ಮೇಲಿನ ಚೀಟಿ ಸುಳ್ಳು ಹೇಳಬಹುದು, ಡಿಸ್ಕ್ ಹೇಳುವುದಿಲ್ಲ. ಈ ಹದಿನಾರು ವರ್ಷದಲ್ಲಿ ಅವಳು ತೂಗದೆ ಬಿಟ್ಟದ್ದು ಒಂದೇ ಒಂದು. ಮೂರು ವಾರದ ಹಿಂದೆ ಗಂಡ ಮಗಳಿಗೆಂದು ತಂದುಕೊಟ್ಟದ್ದು. ಡಿಸ್ಕಿನ ಅಂಗಡಿಯವಳ ಗಂಡ ಬೇರೆಲ್ಲಿಂದಲೋ ಡಿಸ್ಕ್ ತರುವುದೇ ಎಂದು ಒಂದು ಗಳಿಗೆ ಮುಖ ಊದಿಸಿಕೊಂಡು, ಮಗಳ ಕುಣಿತ ನೋಡಿ ನಕ್ಕು ಸುಮ್ಮನಾಗಿದ್ದಳು.

ನೋಟ್‌ಬುಕ್ಕಿನಲ್ಲಿ ನರ್ಸಮ್ಮನ ಡಿಸ್ಕಿಗೆ ಇನ್ನೂರ ಮೂವತ್ತೊಂದು ಗ್ರಾಂ. ಈಗ ನಟ್ಟು ಸಮೇತ ತೂಗಿದರೆ ಇನ್ನೂರ ಇಪ್ಪತ್ತೆರಡು. ಒಂಬತ್ತು ಗ್ರಾಂ ಕಡಿಮೆ. ಕೈಗೆ ಗೊತ್ತಾಗದಷ್ಟು ಕಡಿಮೆ. ಕಂಪ್ಯೂಟರಿಗೆ ಸಿಕ್ಕಿಸಿದರೆ ಒಂಬತ್ತು ವರ್ಷದ ಫೋಟೋಗಳ ಹೆಸರುಗಳೆಲ್ಲ ತಾರೀಕಿನ ಪ್ರಕಾರ ಸಾಲಾಗಿ ಬರುತ್ತಿದ್ದವು; ಒತ್ತಿದರೆ ಮಾತ್ರ ಬೂದು ಚೌಕ. ಹೆಸರುಂಟು, ಒಳಗೆ ಏನೂ ಇಲ್ಲ.

ಸುಮ್ಮನೆ ಕದಿಯುವವನು ಇಷ್ಟು ಕಷ್ಟಪಡುವುದಿಲ್ಲ. ವಿಚಾರಣೆಯ ಹೊಸಿಲು ಹತ್ತುವವರೆಗೆ ನರ್ಸಮ್ಮನಿಗೆ ಅನುಮಾನ ಬರಬಾರದು ಎಂಬುದೇ ಅವನ ಲೆಕ್ಕ.

"ಇದನ್ನ ನೀವು ಕೊನೆಗೆ ತೆರೆದು ನೋಡಿದ್ದು ಯಾವಾಗ?"

ನರ್ಸಮ್ಮ ಗಡಿಯಾರ ಮುಟ್ಟಿಕೊಂಡಳು. ಒಂದು ತಿಂಗಳ ಹಿಂದೆ ನೋಡಿದಾಗ ಫೋಟೋ ಚೆನ್ನಾಗಿಯೇ ಇತ್ತಂತೆ. ಆಮೇಲೆ ಕೇಬಲ್ ಸಡಿಲವಾಗಿ ಬಿಟ್ಟು ಬಿಟ್ಟು ಹಿಡಿಯತೊಡಗಿತು. ಹೊಸ ಕೇಬಲ್, ಹೊಸ ಚೀಲ ತಗೊಳ್ಳೋಣವೆಂದು ಮೂರು ವಾರದ ಹಿಂದೆ, ಒಂದು ಗುರುವಾರ, ಇಲ್ಲಿಗೇ ತಂದಿದ್ದಳು. ಆ ಜಾತಿಯ ಕೇಬಲ್ ತರಿಸಬೇಕು, ಡಿಸ್ಕ್ ಇಲ್ಲೇ ಇರಲಿ, ಜೋಡಿಸಿ ನೋಡಿಯೇ ಕೊಡುತ್ತೇವೆ ಎಂದರಂತೆ. ಸಂಜೆ ಬಂದಾಗ ಅಂಗಡಿ ಮುಚ್ಚಿತ್ತು. ಪಕ್ಕದ ಟೈಲರನ ಮೇಜಿನ ಮೇಲೆ, ಹೊಸ ಚೀಲದಲ್ಲಿ, ಅವಳಿಗೆಂದು ಕೊಟ್ಟುಹೋಗಿದ್ದ ಡಿಸ್ಕ್ ಕಾದಿತ್ತು.

ಆ ಗುರುವಾರ ಡಿಸ್ಕಕ್ಕ ಅಂಗಡಿಯಲ್ಲಿರಲಿಲ್ಲ. ಮಗಳ ಶಾಲೆಯಲ್ಲಿ ಪೋಷಕರ ಸಭೆ. ಮಕ್ಕಳ ಪುಟ್ಟ ಬೆಂಚಿನಲ್ಲಿ ಮಂಡಿ ಮಡಚಿ ಕೂತು, ನಿಮ್ಮ ಮಗಳು ಪಾಠದ ಹೊತ್ತಿಗೆ ಜೇಡಿಮಣ್ಣಿನ ಗೊಂಬೆ ಮಾಡುತ್ತಾಳೆ ಎಂಬ ದೂರನ್ನು ಕೇಳಿಸಿಕೊಂಡು ಬಂದಿದ್ದಳು.

"ಇಲ್ಲಿ ಯಾರಿದ್ರು?"

"ವಯಸ್ಸಾದವರು. ಟೈಲರು ಮೇಷ್ಟ್ರೇ ಅಂತ ಕರೀತಿದ್ದ. ಒಳ್ಳೆಯವರು. ರಸೀದಿ ಬೇಕು ಅಂದೆ, ಕನ್ನಡಕ ಮರೆತು ಬಂದಿದೀನಿ, ನೀವೇ ಬರ್ಕೊಂಡ್ಬಿಡಿ ಅಮ್ಮಾ ಅಂದ್ರು."

ಡಿಸ್ಕಕ್ಕನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ತಾನಾಗಿಯೇ ಮೇಜಿನ ಮೇಲೆ ಇಳಿಯಿತು.

ಡಬ್ಬಿ ಬಿಚ್ಚುವಾಗಲೇ ಅವಳ ಬೆರಳಿಗೆ ಒಂದು ವಿಷಯ ತಿಳಿದಿತ್ತು. ತಲೆಗೆ ಅದನ್ನು ಒಪ್ಪಿಕೊಳ್ಳುವ ಮನಸ್ಸಿರಲಿಲ್ಲ. ರಬ್ಬರ್ ಪಾದಗಳ ಕೆಳಗೆ ನಾಲ್ಕು ಸ್ಕ್ರೂ. ಮೂರು ಹಟ ಹಿಡಿದು ಬಂದವು. ನಾಲ್ಕನೆಯದು, ಎಡಗಡೆ ಕೆಳಗಿನದು, ಮುಟ್ಟಿದ ಕೂಡಲೇ ತಿರುಗಿತು. ಸರಿಯಾಗಿ ಕಾಲು ಸುತ್ತು ಸಡಿಲ.

ಕಾರ್ಖಾನೆಯಲ್ಲಿ ಯಂತ್ರ ನಾಲ್ಕನ್ನೂ ಒಂದೇ ಸಮ ಬಿಗಿಯುತ್ತದೆ. ಊರಿನ ಬೇರೆ ರಿಪೇರಿಯವರೂ ಹಾಗೆಯೇ. ನಾಲ್ಕನೆಯದನ್ನು ಕಾಲು ಸುತ್ತು ಬಿಡು, ಬಿಸಿಯಾದಾಗ ಪ್ಲಾಸ್ಟಿಕ್ಕೂ ಉಸಿರಾಡಬೇಕು, ಇಲ್ಲದಿದ್ದರೆ ಮೂಲೆ ಸೀಳುತ್ತದೆ ಎಂದು ಕಲಿಸಿದ ಮನುಷ್ಯ ಈ ಲೋಕದಲ್ಲಿ ಒಬ್ಬರೇ. ಅವಳಿಗೆ ಇಪ್ಪತ್ತೆರಡನೇ ವಯಸ್ಸಿನಲ್ಲಿ ಸ್ಕ್ರೂಡ್ರೈವರ್ ಹಿಡಿಯುವುದನ್ನು ಕಲಿಸಿದವರು. ಅಂಗಡಿಗೆ ಬಾಡಿಗೆ ಕರಾರು ಬರೆಯುವಾಗ ಸಾಕ್ಷಿ ಹಾಕಿದವರು. ಅವಳ ಮಗಳು ತಾತ ಎಂದು ಕರೆಯುವವರು.

"ಯಾರು ಅಂತ ಗೊತ್ತಾಯ್ತಾ ಅಕ್ಕಾ?"

ಗೊತ್ತಾಗಲಿಲ್ಲ ಎಂದಳು ಡಿಸ್ಕಕ್ಕ. ಆ ಮೇಜಿಗೆ ಕೂತ ಮೇಲೆ ಗಿರಾಕಿಗೆ ಹೇಳಿದ ಮೊದಲ ಸುಳ್ಳು.

ನರ್ಸಮ್ಮ ಎದ್ದು ನಿಂತಳು. ಬಾಗಿಲಲ್ಲಿ ತಿರುಗಿ, ದೂರುವ ದನಿಯೂ ಇಲ್ಲದೆ ಹೇಳಿದಳು: "ಮನೆಯಲ್ಲಿ ಇಟ್ರೆ ಯಾರಾದ್ರೂ ಕದೀತಾರೆ ಅಂತ ಭಯವಿತ್ತು. ನಿಮ್ಮ ಅಂಗಡೀಲಿ ಇದ್ದಷ್ಟು ಹೊತ್ತು ಮಾತ್ರ ನಾನು ನಿಶ್ಚಿಂತೆಯಾಗಿದ್ದೆ."

* * *

ಮೇಷ್ಟ್ರ ಮನೆಗೆ ಮೂರು ಮಹಡಿ ಮೆಟ್ಟಿಲು. ಪ್ರತಿ ತಿರುವಿನಲ್ಲೂ ಡಿಸ್ಕಕ್ಕ ಒಂದೊಂದು ಮಾತನ್ನು ಜೋಡಿಸಿಕೊಂಡಳು, ಮುಂದಿನ ತಿರುವಿನಲ್ಲಿ ಅದನ್ನು ಬಿಟ್ಟಳು.

ಬಾಗಿಲು ತೆರೆದೇ ಇತ್ತು. ಕಿಟಕಿಯ ಪಕ್ಕ ಹಳೆಯ ರೇಡಿಯೋಗಳ ಗುಡ್ಡೆ, ಎಲ್ಲದರ ಮೇಲೂ ಒಂದೇ ಸಮನೆ ಧೂಳು.

"ಏನಮ್ಮಾ, ಶನಿವಾರ ಅಂಗಡಿ ಮುಚ್ಚಿದ್ದೀಯ? ಊರಿನ ಕಂಪ್ಯೂಟರೆಲ್ಲ ಒಟ್ಟಿಗೇ ಸರಿಹೋದ್ವಾ?"

ಅವಳು ನಗಲಿಲ್ಲ. ಮೇಷ್ಟ್ರು ಅದನ್ನು ಗಮನಿಸಿದರು, ಗಮನಿಸದವರ ಹಾಗೆ ಟೀ ಆಗಿದೆ, ಬಗ್ಗಿಸ್ಕೋ, ನನಗೂ ಅರ್ಧ ಲೋಟ ಕೊಡು ಎಂದರು. ಬಂದವರಿಗೆ ತಾವೇ ಬಗ್ಗಿಸಿ ಕೊಡದಿದ್ದರೆ ಸಮಾಧಾನವಿಲ್ಲದ ಮನುಷ್ಯ. ಅವಳು ಬಗ್ಗಿಸಿದಳು. ಲೋಟವನ್ನು ಅವರ ಮುಂದಿಟ್ಟಳು. ಅವರು ಮುಟ್ಟಲಿಲ್ಲ.

ಅವಳು ಚೀಲದಿಂದ ಡಬ್ಬಿ ತೆಗೆದು, ಎರಡು ನಟ್ಟುಗಳು ಮೇಲೆ ಕಾಣುವ ಹಾಗೆ ತೆರೆದಿಟ್ಟಳು. ಪಕ್ಕದಲ್ಲಿ ನಾಲ್ಕು ಸ್ಕ್ರೂಗಳನ್ನು ಸಾಲಾಗಿ ಇಟ್ಟಳು.

"ನಾಲ್ಕನೆಯದು ಕಾಲು ಸುತ್ತು ಸಡಿಲವಿತ್ತು ಮೇಷ್ಟ್ರೇ."

ಮೇಷ್ಟ್ರು ಬಗ್ಗಿ ನೋಡಿದರು.

"ಗೋಂದು ಜಾಸ್ತಿ ಬಿದ್ದಿದೆ," ಎಂದರು ಕೊನೆಗೆ. "ನಾನಾಗಿದ್ರೆ ಬೈತಿದ್ದೆ."

"ಯಾರಿಗೆ?"

ಅವರು ತಲೆಯೆತ್ತಿದರು. ಆಗ ಅವಳ ಕಟ್ಟೆ ಒಡೆಯಿತು. ಒಬ್ಬ ಹೆಂಗಸಿನ ಅನ್ನ ಹೋಗುತ್ತದೆ, ಮಾನ ಹೋಗುತ್ತದೆ, ಸೋಮವಾರದ ಮೇಲೆ ಅವಳನ್ನು ಯಾವ ಆಸ್ಪತ್ರೆಯೂ ಒಳಗೆ ಬಿಡುವುದಿಲ್ಲ ಎಂದಳು. ಆ ಗುರುವಾರ ಅಂಗಡಿಯಲ್ಲಿ ಇದ್ದವರು ನೀವು, ಡಿಸ್ಕ್ ತೆಗೆದುಕೊಂಡವರು ನೀವು, ಕೈಬರಹ ಸಿಗಬಾರದೆಂದು ರಸೀದಿಯನ್ನು ಆಕೆಯ ಕೈಯಲ್ಲೇ ಬರೆಸಿದವರು ನೀವು ಎಂದಳು. ಯಾರು ಏನು ಕೊಟ್ಟರು ನಿಮಗೆ ಎಂದಳು. ಕೇಳಿದ್ದರೆ ನಾನೇ ಕೊಡುತ್ತಿರಲಿಲ್ಲವೇ ಎಂದಳು. ಇಪ್ಪತ್ತು ವರ್ಷ ಎದುರು ಮಾತಾಡದವಳು ಒಂದೇ ಉಸಿರಿಗೆ ಇಪ್ಪತ್ತು ವರ್ಷದ್ದನ್ನೂ ಆಡಿದಳು.

ಮೇಷ್ಟ್ರು ಒಂದು ಸಲವೂ ತಡೆಯಲಿಲ್ಲ. ಅವಳು ನಿಲ್ಲಿಸಿದ ಮೇಲೆ, ಮೇಜಿನ ಡ್ರಾಯರ್ ಎಳೆದು, ತುದಿ ಸೂಜಿಯಂತಿದ್ದ ಒಂದು ಸ್ಕ್ರೂಡ್ರೈವರ್ ತೆಗೆದುಕೊಂಡರು. ಡಬ್ಬಿಯ ಮುಚ್ಚಳವನ್ನು ಹತ್ತಿರ ಎಳೆದುಕೊಂಡು, ಸ್ಕ್ರೂಡ್ರೈವರನ್ನು ಒಂದು ತೂತಿನ ಮೇಲೆ ಹಿಡಿದರು.

ಅದು ತೂತಿಗೆ ಸೇರಲಿಲ್ಲ. ತೂತಿನ ಸುತ್ತ ನಡುಗುತ್ತ ಪ್ಲಾಸ್ಟಿಕ್ಕಿನ ಮೇಲೆ ಟಕಟಕ ಸದ್ದು ಮಾಡಿತು. ಅವರು ಎಡಗೈಯಿಂದ ಬಲಗೈ ಹಿಡಿದುಕೊಂಡರು. ಸದ್ದು ಇನ್ನೂ ಜೋರಾಯಿತು.

"ಆರು ತಿಂಗಳಾಯ್ತು," ಎಂದರು. "ರಸೀದಿ ಏನು ಬರೀಲಿ? ನನ್ನ ಹೆಸರೇ ಬರೆಯೋಕೆ ಬರೋದಿಲ್ಲ. ನಿನಗೆ ಹೇಳಿದ್ರೆ ಅಂಗಡಿಗೆ ಬರಬೇಡಿ, ಮನೇಲಿ ಆರಾಮಾಗಿರಿ ಅಂತೀಯ. ಅದಕ್ಕೇ ಕನ್ನಡಕದ ನೆವ ಹೇಳ್ಕೊಂಡು ಕಾಲ ಹಾಕ್ತಿದ್ದೆ."

ಟೀ ಲೋಟವನ್ನು ಅವರು ಯಾಕೆ ಮುಟ್ಟಲಿಲ್ಲವೆಂದು ಅವಳಿಗೆ ಈಗ ತಿಳಿಯಿತು. ತಿಳಿದ ಮೇಲೆ ಎಲ್ಲಿ ನೋಡುವುದೆಂದು ತಿಳಿಯಲಿಲ್ಲ.

"ಮೇಷ್ಟ್ರೇ..."

"ಇರಲಿ ಬಿಡು. ಪತ್ತೆ ಮಾಡೋರು ಎಲ್ಲರ ಮೇಲೂ ಅನುಮಾನ ಪಡಬೇಕು. ನಾನೇ ಹೇಳ್ಕೊಟ್ಟಿದ್ದು." ಇರಲಿ ಬಿಡು ಎಂದ ದನಿಯಲ್ಲಿ ಬಿಟ್ಟದ್ದೇನೂ ಇರಲಿಲ್ಲ. ಸ್ಕ್ರೂಡ್ರೈವರನ್ನು ಡ್ರಾಯರಿಗೆ ಹಾಕಿ ಮುಚ್ಚಿದರು. "ಆದ್ರೆ ಎಲ್ಲರನ್ನೂ ಬಿಟ್ಟು ಮೊದಲು ಇಲ್ಲಿಗೆ ಬಂದ್ಯಲ್ಲ, ಅದೊಂದು ನನಗೆ ಜೀರ್ಣ ಆಗ್ತಿಲ್ಲ."

ಅವಳು ಅವರ ಕಾಲ ಬಳಿ ಕೂತುಬಿಟ್ಟಳು.

ಆ ಗುರುವಾರದ್ದನ್ನು ಮೇಷ್ಟ್ರೇ ಬಿಡಿಸಿ ಹೇಳಿದರು. ಹನ್ನೆರಡರ ಹೊತ್ತಿಗೆ ಕೈ ಬಹಳ ನಡುಗಿ, ತಲೆ ಸುತ್ತು ಬಂದಿತ್ತು. ಅಷ್ಟರಲ್ಲಿ ಒಬ್ಬರು ಅಂಗಡಿಗೆ ಬಂದು, ನೀವು ಮನೆಗೆ ಹೋಗಿ ಮಲಗಿ ಮೇಷ್ಟ್ರೇ, ಸಂಜೆಯವರೆಗೆ ನಾನು ನೋಡಿಕೊಳ್ಳುತ್ತೇನೆ, ಕೇಬಲ್ಲನ್ನೂ ನಾನೇ ತಂದು ಹಾಕುತ್ತೇನೆ ಎಂದು ಬೀಗದ ಕೈ ತೆಗೆದುಕೊಂಡಿದ್ದರು. ನೀವು ನಡುವೆ ಎದ್ದು ಹೋದದ್ದು ಅವಳಿಗೆ ತಿಳಿದರೆ ಬೇಜಾರು ಮಾಡಿಕೊಳ್ಳುತ್ತಾಳೆ, ಇದು ನಮ್ಮಿಬ್ಬರಲ್ಲೇ ಇರಲಿ ಎಂದೂ ಹೇಳಿದ್ದರು. ಮೇಷ್ಟ್ರಿಗೂ ಅದೇ ಬೇಕಾಗಿತ್ತು.

"ಯಾರು?" ಎಂದಳು. ಕೇಳುವಾಗಲೇ ಉತ್ತರ ಬೇಡವೆನಿಸಿತು.

ಮೇಷ್ಟ್ರು ಸಾಲಾಗಿದ್ದ ಸ್ಕ್ರೂಗಳಲ್ಲಿ ನಾಲ್ಕನೆಯದನ್ನು ಅಂಗೈಯಿಂದ ಅವಳ ಕಡೆಗೆ ಸರಿಸಿದರು.

"ಈ ಕಾಲು ಸುತ್ತಿನ ವಿದ್ಯೆ ನಾನು ಕಲಿಸಿದ್ದು ನಿನಗೊಬ್ಬಳಿಗೇ ಕಣಮ್ಮಾ. ನೀನು ಯಾರಿಗೆ ಕಲಿಸಿದೆ, ನೆನಪು ಮಾಡ್ಕೋ."

* * *

ಮದುವೆಯಾದ ಮೊದಲ ವರ್ಷ. ಮನೆಯಲ್ಲಿದ್ದದ್ದು ಒಂದೇ ಮೇಜು. ಉಂಡ ತಟ್ಟೆ ಎತ್ತಿ, ಒರೆಸಿ, ಅದರ ಮೇಲೇ ಹಳೆಯ ಡಿಸ್ಕು ಬಿಚ್ಚುತ್ತ ಅವಳು ಗಂಡನಿಗೆ ಕಲಿಸಿದ್ದಳು. ಅವನ ಬೆರಳ ಮೇಲೆ ತನ್ನ ಬೆರಳಿಟ್ಟು, ಇಷ್ಟು, ಇಷ್ಟೇ, ಈಗ ಕಾಲು ಸುತ್ತು ವಾಪಸು ಎಂದು ತಿರುಗಿಸಿದ್ದಳು. ಎರಡು ವರ್ಷ ಇಬ್ಬರೂ ಒಂದೇ ಮೇಜಿಗೆ ಕೂತಿದ್ದರು. ಗೋಂದು ಜಾಸ್ತಿ ಹಾಕುವುದು ಅವನ ಚಾಳಿ, ಅವಳು ಬೈಯುತ್ತಿದ್ದಳು. ಅಂಗಡಿಯೊಂದರಿಂದ ಸಂಸಾರ ಸಾಗದು ಎಂದು ಅವನು ಔಷಧಿ ಮಾರುವ ಕೆಲಸ ಹಿಡಿದ. ಬ್ಯಾಗು ಹೊತ್ತು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವ ಕೆಲಸ.

ಆಸ್ಪತ್ರೆಯಿಂದ ಆಸ್ಪತ್ರೆಗೆ.

ನರ್ಸಮ್ಮನ ಫೋಟೋ ಹುಚ್ಚಿನ ಕತೆಯನ್ನು ಊಟದ ಹೊತ್ತಿಗೆ ನಗುನಗುತ್ತ ಹೇಳಿದವಳೂ ತಾನೇ. ಆಕೆಯ ಮೇಲೆ ಆರೋಪ ಬಂದ ವಾರ ಅದು. ಪಾಪ, ಆದರೆ ಫೋಟೋ ಇದೆ, ಬಚಾವಾಗುತ್ತಾಳೆ ಎಂದಿದ್ದಳು. ಅವನು ತಟ್ಟೆಯಿಂದ ತಲೆಯೆತ್ತಿ, ಹೌದಾ, ಚಲನ್ನೂ ಸೇರಿಸಿ ಹೊಡ್ಕೊಂಡಿದ್ದಾಳಾ ಎಂದು ಕೇಳಿದ್ದ. ಎಷ್ಟು ಆಸಕ್ತಿಯಿಂದ ಕೇಳುತ್ತಾನೆ ನನ್ನ ಕೆಲಸದ ಮಾತು ಎಂದು ಅವಳಿಗೆ ಖುಷಿಯೇ ಆಗಿತ್ತು.

ರಸ್ತೆ ದಾಟುವಾಗ ಒಂದು ವ್ಯಾನು ಅವಳ ಮೊಣಕೈ ಸವರಿಕೊಂಡು ಹೋಯಿತು. ಚಾಲಕ ಬೈದದ್ದು ಕೇಳಿಸಲಿಲ್ಲ.

ಮನೆಯಲ್ಲಿ ಇಸ್ತ್ರಿಯ ಬಿಸಿ ವಾಸನೆ. ಗಂಡ ನಡುಮನೆಯಲ್ಲಿ ಮಗಳ ಶಾಲೆಯ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ. ಕಾಲರಿನ ಮಡಿಕೆಗೆ ನೀರು ಚಿಮುಕಿಸಿ, ಹೊಲಿಗೆಗುಂಟ ಜೋಪಾನವಾಗಿ ಒತ್ತುತ್ತಿದ್ದ. ಅವನು ಯಾವತ್ತೂ ಹಾಗೆಯೇ. ಬೈಯುವುದಕ್ಕೆ ಒಂದು ಕಾರಣ ಕೊಟ್ಟ ಗಂಡನಲ್ಲ.

"ಬಂದ್ಯಾ? ಇವತ್ತು ಬೇಗ. ಊಟ ಮುಚ್ಚಿಟ್ಟಿದೀನಿ."

ಅವಳು ಹೂಂ ಎಂದಳು. ಚಪ್ಪಲಿ ಬಿಟ್ಟಳು. ಬಿಟ್ಟ ಚಪ್ಪಲಿಯನ್ನು ಬಗ್ಗಿ ನೇರ ಮಾಡಿದಳು. ಆ ಒಂದು ಗಳಿಗೆಯಲ್ಲೇ ಅವಳಿಗೆ ಹೊಳೆಯಿತು: ಮೂರು ವಾರದ ಹಿಂದಿನ ಗುರುವಾರ. ಮಗಳ ಡಿಸ್ಕ್ ಮನೆಗೆ ಬಂದದ್ದು ಅದರ ಮರುದಿನ.

ಮಲಗುವ ಕೋಣೆಯ ಮೂಲೆಯಲ್ಲಿ ಮನೆಯ ಕಂಪ್ಯೂಟರ್. ಮಗಳು ಕುರ್ಚಿಯ ಮೇಲೆ ಮಂಡಿಯೂರಿ ಕೂತಿದ್ದಳು. ಸುತ್ತ ಜೇಡಿಮಣ್ಣಿನ ಗೊಂಬೆಗಳು, ತಲೆ ಬೇರೆ, ಕಾಲು ಬೇರೆ. ಗೊಂಬೆಯನ್ನು ಇಷ್ಟಿಷ್ಟೇ ಕದಲಿಸಿ, ಫೋಟೋ ಹೊಡೆದು, ಸಾವಿರ ಫೋಟೋ ಜೋಡಿಸಿ ಎರಡು ನಿಮಿಷದ ಸಿನಿಮಾ ಮಾಡುವುದು ಅವಳ ಹೊಸ ಗೀಳು. ಮೇಜಿನ ಮೇಲೆ ಕೆಂಪು ರಬ್ಬರ್ ಕವಚ ತೊಟ್ಟ ಡಿಸ್ಕ್, ಗಿಡ್ಡ ಕೇಬಲ್.

"ಅಮ್ಮ, ಮಾತಾಡಿಸ್ಬೇಡ. ಎಲ್ಲಾ ಸಿನಿಮಾನೂ ಇದಕ್ಕೆ ಹಾಕ್ತಿದೀನಿ. ಅಪ್ಪನೇ ಹೇಳಿದ್ದು, ಇವತ್ತೇ ಎಲ್ಲಾ ತುಂಬಿಸಿಬಿಡು ಅಂತ."

ಪರದೆಯ ಮೇಲೆ ಹಸಿರು ಪಟ್ಟಿ ಎಡದಿಂದ ಬಲಕ್ಕೆ ತೆವಳುತ್ತಿತ್ತು. ನೂರಕ್ಕೆ ಮೂವತ್ತೊಂದು.

ಡಿಸ್ಕಕ್ಕ ಮಗಳ ಭುಜದ ಮೇಲಿಂದ ಕೈ ಚಾಚಿ, ಡಿಸ್ಕಿನ ಸ್ವಂತ ಸಂಖ್ಯೆ ತೋರಿಸುವ ಕಿಟಕಿಯನ್ನು ತೆರೆದಳು. ನೋಟ್‌ಬುಕ್ ಚೀಲದಲ್ಲಿತ್ತು; ತೆಗೆಯುವ ಅಗತ್ಯ ಬರಲಿಲ್ಲ. ಬೆಳಗ್ಗೆಯಿಂದ ನರ್ಸಮ್ಮನ ಡಿಸ್ಕಿನ ಸಂಖ್ಯೆಯನ್ನು ಎಷ್ಟು ಸಲ ಓದಿದ್ದಳೆಂದರೆ ಕಣ್ಣು ಮುಚ್ಚಿದರೂ ಕಾಣುತ್ತಿತ್ತು.

ಕೊನೆಯ ನಾಲ್ಕು ಅಂಕಿ ತಾಳೆಯಾದವು. ಅದರ ಹಿಂದಿನ ನಾಲ್ಕೂ ತಾಳೆಯಾದವು.

ಗಂಡ ಅದನ್ನು ಎಸೆಯಬಹುದಾಗಿತ್ತು. ಸುತ್ತಿಗೆಯಿಂದ ಚಚ್ಚಬಹುದಾಗಿತ್ತು. ಮಗಳು ಕೇಳುತ್ತಿದ್ದಾಳೆ, ಒಳ್ಳೆಯ ಡಿಸ್ಕು ಯಾಕೆ ಹಾಳಾಗಬೇಕು ಎಂದು ಅಳಿಸಿ, ಹೊಸ ಡಬ್ಬಿಗೆ ಹಾಕಿ, ಕೆಂಪು ಕವಚ ತೊಡಿಸಿ ಕೊಟ್ಟಿದ್ದ. ಅಳಿಸಿದರೆ ಹೋಯಿತು ಎಂದುಕೊಂಡಿದ್ದ. ಅಳಿಸಿದ್ದನ್ನು ಎತ್ತುವ ಪಾಠ ಬರುವ ಮೊದಲೇ ಅವನು ಮೇಜು ಬಿಟ್ಟು ಎದ್ದಿದ್ದ. ಅಳಿಸಿದ ಫೋಟೋ ಜಾಗ ಬಿಟ್ಟು ಕದಲುವುದಿಲ್ಲ. ಅದರ ಮೇಲೆ ಇನ್ನೊಂದು ಬಂದು ಕೂರುವವರೆಗೆ ಅಲ್ಲೇ ಇರುತ್ತದೆ.

ಈಗ ಒಂದೊಂದಾಗಿ ಬಂದು ಕೂರುತ್ತಿದ್ದವು. ಜೇಡಿಮಣ್ಣಿನ ಗೊಂಬೆಗಳು, ನರ್ಸಮ್ಮನ ಒಂಬತ್ತು ವರ್ಷದ ಮೇಲೆ.

ಮೂವತ್ತನಾಲ್ಕು.

ಅವಳು ಕೇಬಲ್ ಹಿಡಿದು ಎಳೆದಳು.

"ಅಮ್ಮಾ! ಏನ್ ಮಾಡ್ದೆ ನೀನು?" ಮಗಳು ಕುರ್ಚಿಯಿಂದ ಇಳಿದೇಬಿಟ್ಟಳು. ಇನ್ನೊಬ್ಬರ ಡಿಸ್ಕನ್ನು ನಡುವೆ ಕೀಳಬಾರದು ಎಂದು ದಿನಕ್ಕೆ ಹತ್ತು ಸಲ ಹೇಳುವ ಅಮ್ಮ.

ನಡುಮನೆಯಲ್ಲಿ ಇಸ್ತ್ರಿಪೆಟ್ಟಿಗೆಯನ್ನು ಇಟ್ಟ ಸದ್ದಾಯಿತು. ಗಂಡ ಬಾಗಿಲಿಗೆ ಬಂದು ನಿಂತ. ತೋಳಿನ ಮೇಲೆ ಮಗಳ ಅಂಗಿ, ಗರಿಗರಿ. ಕಿತ್ತ ಕೇಬಲನ್ನು ನೋಡಿದ, ಪರದೆಯ ಮೇಲಿನ ಸಂಖ್ಯೆಯನ್ನು ನೋಡಿದ, ಕೊನೆಗೆ ಅವಳನ್ನು ನೋಡಿದ. ಏನಾಯಿತು ಎಂದು ಅವನು ಕೇಳಲಿಲ್ಲ. ಕೇಳದಿದ್ದುದೇ ಅವಳ ಎದೆಗೆ ನಾಟಿತು.

"ಪುಟ್ಟೀ, ನೀನು ಸ್ವಲ್ಪ ಆಚೆ ಹೋಗು," ಎಂದ.

"ಹೋಗಲ್ಲ. ನನ್ನ ಸಿನಿಮಾ."

ಅವನು ಒತ್ತಾಯ ಮಾಡಲಿಲ್ಲ. ಅಂಗಿಯನ್ನು ಮಂಚದ ಮೇಲೆ ಹರಡಿ, ತೋಳು ಮಡಚಿ ಸರಿಮಾಡಿದ.

"ಮೇಷ್ಟ್ರ ಹತ್ರ ಹೋಗಿದ್ಯಾ?"

"ಹೋಗಿದ್ದೆ. ಅವರ ಮೇಲೆ ಬಾಯಿಗೆ ಬಂದದ್ದು ಆಡಿ ಬಂದೆ. ನಿಮ್ಮ ಬದಲಿಗೆ."

ಅವನು ತಲೆ ತಗ್ಗಿಸಿದ. ತಗ್ಗಿಸಿಕೊಂಡೇ ಹೇಳಿದ, ಅಂಗಿಯ ಗುಂಡಿಗಳಿಗೆ ಹೇಳುವವನ ಹಾಗೆ:

"ಆ ಫೋಟೋ ಎತ್ತೋಕೆ ನಿನ್ನ ಕೈಲಿ ಆಗುತ್ತೆ, ಗೊತ್ತು. ಎತ್ತೋಕೆ ಮುಂಚೆ ಅದರಲ್ಲಿ ಏನಿದೆ ಅಂತ ತಿಳ್ಕೋ. ಆಕೆ ಬರೆದದ್ದು ಬಲಗಡೆ. ಎಡಗಡೆ ಚಲನ್. ಅವಧಿ ಮುಗಿದ ಮಾಲು ಕಳಿಸಿದ ಏಜೆನ್ಸಿದು."

"ನಿಮ್ಮದು."

"ನಂದಲ್ಲ." ಅವನು ಈಗ ಮುಖವೆತ್ತಿದ. "ಕಂಪನಿ ಕೆಲಸದಲ್ಲಿ ಇದ್ಕೊಂಡು ನನ್ನ ಹೆಸರಲ್ಲಿ ಏಜೆನ್ಸಿ ಮಾಡೋ ಹಾಗಿರಲಿಲ್ಲ. ಹೋದ ವರ್ಷ ನೀನು ಬೆಸುಗೆ ಹಾಕ್ತಾ ಕೂತಿದ್ದಾಗ ಒಂದಷ್ಟು ಕಾಗದ ತಂದಿದ್ದೆ. ಎಲ್ಲಿ ಸಹಿ ಮಾಡ್ಲಿ ಅಂದೆ ನೀನು. ನಾನು ತೋರಿಸ್ದೆ. ಓದ್ಲೇ ಇಲ್ಲ ನೀನು. ಚಲನ್ ಮೇಲೆ ಮಾಲೀಕಳು ಅಂತ ಇರೋದು ನಿನ್ನ ಹೆಸರು."

ಕರೆಂಟ್ ಬಿಲ್ಲಿನ ಮೇಲೆ ಬಿಟ್ಟರೆ ಬೇರೆಲ್ಲೂ ಇಲ್ಲವೆಂದುಕೊಂಡಿದ್ದ ಆ ಹೆಸರು.

ಓದಿರಲಿಲ್ಲ, ನಿಜ. ಕಂಡವರ ಡಿಸ್ಕನ್ನೆಲ್ಲ ತೂಗಿ, ಸಂಖ್ಯೆ ಬರೆದು, ಡಬ್ಬಿ ಬಿಚ್ಚಿ ನೋಡುವವಳು, ಆ ಕಾಗದವನ್ನು ತಿರುಗಿಸಿಯೂ ನೋಡಿರಲಿಲ್ಲ. ತಂದವನು ಅವನಾದ್ದರಿಂದ.

ಚೀಲದೊಳಗೆ ಫೋನು ನಡುಗಿತು. ಅವಳು ನೋಡಲಿಲ್ಲ. ಯಾರದೆಂದು ಗೊತ್ತಿತ್ತು. ಬೆಳಗ್ಗೆಯಿಂದ ಗಂಟೆಗೊಮ್ಮೆ, ಏನಾದ್ರೂ ತಿಳೀತಾ ಅಕ್ಕಾ.

ಗಂಡ ಕೈ ಚಾಚಿದ. ಅಂಗೈ ಮೇಲೆ ಮಾಡಿ, ಮಗುವಿನ ಕೈಯಿಂದ ಕತ್ತರಿ ಇಸಿದುಕೊಳ್ಳುವವನ ಹಾಗೆ, ಮೆಲ್ಲಗೆ.

"ಕೊಡು. ನಮ್ಮ ಮೂವರ ಸಲುವಾಗಿ."

ಕೆಂಪು ಕವಚದ ಡಿಸ್ಕ್ ಅವಳ ಕೈಯಲ್ಲಿ ಇನ್ನೂ ಬೆಚ್ಚಗಿತ್ತು. ಅದರ ಹೊಟ್ಟೆಯಡಿ ಬೆರಳಾಡಿಸಿದಳು. ಕವಚದ ಕೆಳಗೆ, ಎಡಗಡೆಯ ಮೂಲೆಯಲ್ಲಿ, ಸಣ್ಣದೊಂದು ಸ್ಕ್ರೂ ಉಗುರಿಗೆ ಸಿಕ್ಕಿ ಕದಲಿತು.

ಮಗಳು ಅಪ್ಪನ ಚಾಚಿದ ಕೈ ನೋಡಿದಳು, ಅಮ್ಮನ ಬಿಗಿದ ಮುಷ್ಟಿ ನೋಡಿದಳು.

"ಅಮ್ಮ," ಎಂದಳು, "ಹಾಗಾದ್ರೆ ಇದು ಯಾರದು?"